ನಿಂತ ಗಾಡಿಯ ಉಸಿರು

(ಮಹಾನವಮಿಯ ಆಯುಧಪೂಜೆಯಂದು ಸಾಸ್ತಾನದಲ್ಲಿ ಮಾಡಿದ ಪ್ರವಚನ)

ಇಂದು ಆಯುಧಪೂಜೆ. ಈ ಬಯಲಿನಲ್ಲಿ ಸಾಲಾಗಿ ನಿಂತಿರುವ ಗಾಡಿಗಳನ್ನು ಬೆಳಗ್ಗೆ ಎದ್ದು ತೊಳೆದಿದ್ದೀರಿ. ಚೆಂಡುಹೂವಿನ ಮಾಲೆ ಹಾಕಿದ್ದೀರಿ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದೀರಿ. ನೋಡಲಿಕ್ಕೆ ಚೆಂದವಾಗಿದೆ. ಆದರೆ ಒಂದು ಮಾತು ಕೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ಬಾನೆಟ್ಟಿನ ಮೇಲೆ ಹೂವು ಏರಿಸಿದವರಲ್ಲಿ ಈ ವರ್ಷ ಒಮ್ಮೆಯಾದರೂ ಆ ಬಾನೆಟ್ಟನ್ನು ಎತ್ತಿ ಒಳಗೆ ಇಣುಕಿದವರು ಎಷ್ಟು ಮಂದಿ? ಕಾಯಕದ ವಿಷಯವಾಗಿ ನಾವು ಎಷ್ಟೋ ಸಾರಿ ಮಾತನಾಡಿದ್ದೇವೆ, ನೀವು ಎಷ್ಟೋ ಸಾರಿ ಕೇಳಿದ್ದೀರಿ. ಇವತ್ತು ಕಾಯಕದ ಮೇಲೆ ಮಾತು ಬೇಡ. ಕೈಯಿಂದ ಮಾಡುವ ಒಂದು ಕೆಲಸವನ್ನೇ ತೆಗೆದುಕೊಂಡು ಅದರ ಒಳಹೊರಗನ್ನು ನೋಡೋಣ.

ಇಲ್ಲಿಗೆ ಬಂದ ದಿನವೇ ವಯಸ್ಸಾದ ಭಕ್ತರೊಬ್ಬರು ಬಂದು ತಮ್ಮ ಕಾರಿನ ಕಷ್ಟ ಹೇಳಿಕೊಂಡರು. ಅವರದು ಹಳೆಯ ಪ್ರೀಮಿಯರ್ ಪದ್ಮಿನಿ. ನಮ್ಮ ಜನ ಇವತ್ತಿಗೂ ಅದನ್ನು ಫಿಯೆಟ್ ಎಂದೇ ಕರೆಯುತ್ತಾರೆ. "ಓಡುಕಾರೆ ಎಂತದೂ ತೊಂದ್ರಿ ಇಲ್ಲೆ ಸ್ವಾಮೀ, ನಿಂತ್ರೆ ನಡ್ಗತ್ತ್" ಎಂದರು. ಇಲ್ಲಿಯ ಟೋಲ್ ಗೇಟಿನಲ್ಲಿ ಗಾಡಿ ನಿಧಾನವಾದರೆ ಸಾಕು, ಇಂಜಿನ್ನು ಜ್ವರ ಬಂದವರ ಹಾಗೆ ನಡುಗಿ ಆರಿಹೋಗುತ್ತದೆ. ಹಿಂದೆ ಮೀನಿನ ಲಾರಿ ಹಾರ್ನ್ ಹೊಡೆಯುತ್ತಿರುತ್ತದೆ, ಇವರು ಬೆವರುತ್ತಾ ಕೀಲಿ ತಿರುಗಿಸುತ್ತಿರುತ್ತಾರೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ರಿಜಿಸ್ಟ್ರೇಷನ್ನನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಲ್ಲವೆ? ಅವರ ಸರದಿ ಹತ್ತಿರ ಬಂದಿತ್ತು. ಹೊಗೆ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಕಾರನ್ನು ಗುಜರಿಗೆ ಕೊಟ್ಟುಬಿಡೋಣ ಎಂದು ಮಗ ಹಟ ಹಿಡಿದಿದ್ದ. ಹೆಂಡತಿಯನ್ನು ಹೆರಿಗೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋದ ಕಾರು, ಆ ಮಗನೇ ಹುಟ್ಟಿ ಮನೆಗೆ ಬಂದ ಕಾರು. ಗುಜರಿಯವನು ತೂಕಕ್ಕೆ ಇಷ್ಟು ಎಂದು ಬೆಲೆ ಹೇಳಿ ಹೋಗಿದ್ದನಂತೆ.

ಮೂರು ಕಡೆ ತೋರಿಸಿದ್ದರು. ಮೂರು ಕಡೆಯವರೂ ಮಾಡಿದ್ದು ಒಂದೇ ಕೆಲಸ: ಇಂಜಿನ್ ಆರದ ಹಾಗೆ ಸ್ಪೀಡಿನ ಸ್ಕ್ರೂವನ್ನು ಒಂದಿಷ್ಟು ಬಿಗಿ ಮಾಡಿ ಕಳಿಸಿದ್ದು. ಈಗಿನ ಹುಡುಗರನ್ನು ದೂರಿ ಪ್ರಯೋಜನವಿಲ್ಲ. 2000ದ ಇಸವಿಯ ಆಚೀಚೆ ಹೊಸ ಕಾರುಗಳೆಲ್ಲ ಫ್ಯುಯೆಲ್ ಇಂಜೆಕ್ಷನ್ನಿಗೆ ತಿರುಗಿದವು. ಆ ಮೇಲೆ ಕೆಲಸ ಕಲಿತ ಹುಡುಗ ಕಾರಿನ ಕಾರ್ಬೊರೇಟರನ್ನು ಬಿಚ್ಚಿ ನೋಡಿರುವುದಿಲ್ಲ. ಕಂಪ್ಯೂಟರಿನ ವಯರನ್ನು ಎಲ್ಲಿ ಸಿಕ್ಕಿಸುವುದು ಎಂದು ಪದ್ಮಿನಿಯ ಸುತ್ತ ಹುಡುಕುತ್ತಾನೆ!

ಹಾಗಾದರೆ ಈ ಕಾರ್ಬೊರೇಟರ್ ಮಾಡುವುದೇನು? ಪೆಟ್ರೋಲನ್ನು ಗಾಳಿಯಲ್ಲಿ ಬೆರೆಸಿ ಇಂಜಿನ್ನಿಗೆ ಉಣಿಸುವುದು, ಅಷ್ಟೆ. ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಹೆಚ್ಚುಕಡಿಮೆ ಹದಿನೈದು ತೂಕ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ. ನಾವು ದುಡ್ಡು ಕೊಡುವುದು ಪೆಟ್ರೋಲಿಗೆ, ಗಾಡಿ ತಿನ್ನುವುದು ಬಹುಮಟ್ಟಿಗೆ ಗಾಳಿಯನ್ನು. ಹಿಂದೆ ನಮ್ಮ ಮನೆಗಳಲ್ಲಿ ಲಾಟೀನು ಇತ್ತಲ್ಲ, ಅದನ್ನು ನೆನೆಸಿಕೊಳ್ಳಿ. ಬತ್ತಿ ಹೆಚ್ಚು ಏರಿಸಿದರೆ ಗಾಜು ಮಸಿಯಾಗುತ್ತದೆ, ಕಣ್ಣು ಉರಿಯುತ್ತದೆ. ತೀರಾ ಇಳಿಸಿದರೆ ದೀಪ ಪಟಪಟ ಎಂದು ಹೊಡೆದುಕೊಂಡು ಆರುತ್ತದೆ. ನಡುವೆ ಒಂದು ಹದವಿದೆ. ಮನೆಯ ತಾಯಿ ಅಳತೆಪಟ್ಟಿ ಇಟ್ಟು ಆ ಹದವನ್ನು ಕಂಡುಕೊಂಡವಳಲ್ಲ, ಬೆಳಕನ್ನು ನೋಡಿ ಕಂಡುಕೊಂಡವಳು.

ಇನ್ನು ಅದರ ಒಳಗನ್ನು ನೋಡೋಣ. ಅಲ್ಲಿ ಒಂದು ಪುಟ್ಟ ತೊಟ್ಟಿ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತದಲ್ಲ, ಹಾಗೆಯೇ ಈ ತೊಟ್ಟಿಯಲ್ಲೂ ಒಂದು ಫ್ಲೋಟ್ ತೇಲುತ್ತಾ ಪೆಟ್ರೋಲಿನ ಮಟ್ಟವನ್ನು ಕಾಯುತ್ತದೆ. ಗಾಳಿ ಒಳಗೆ ಬರುವ ದಾರಿ ನಡುವೆ ಕಿರಿದಾಗಿದೆ. ಹೊಳೆ ಅಗಲವಾದ ಕಡೆ ನಿಧಾನ, ಬಂಡೆಗಳ ನಡುವೆ ಕಿರಿದಾದ ಕಡೆ ರಭಸ. ಗಾಳಿಯೂ ಹಾಗೆಯೇ ಕಿರಿದಾದ ಕಡೆ ರಭಸ ಪಡೆಯುತ್ತದೆ. ರಭಸ ಹೆಚ್ಚಾದ ಕಡೆ ಒತ್ತಡ ಇಳಿಯುತ್ತದೆ, ಆ ಇಳಿತವೇ ಮೈನ್ ಜೆಟ್ಟಿನಿಂದ ಪೆಟ್ರೋಲನ್ನು ಎಳೆಯುತ್ತದೆ. ಗಾಡಿ ಓಡುವಾಗ ನಡೆಯುವ ವ್ಯವಹಾರ ಇದು.

ಆದರೆ ಗಾಡಿ ನಿಂತಾಗ? ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದೀರಿ. ಗಾಳಿಯ ದಾರಿಗೆ ಅಡ್ಡಲಾಗಿರುವ ಥ್ರಾಟಲ್ ತಟ್ಟೆ ಬಹುತೇಕ ಮುಚ್ಚಿಕೊಂಡಿದೆ. ಒಳಗೆ ಹೋಗುವ ಗಾಳಿ ಎಷ್ಟು? ಒಂದು ಎಳೆಯಷ್ಟು. ಅಷ್ಟು ಗಾಳಿಗೆ ಮೈನ್ ಜೆಟ್ಟು ಪೆಟ್ರೋಲು ಕೊಡುವುದಿಲ್ಲ. ಆಗ ಇಂಜಿನ್ನು ಬದುಕುವುದು ಬೇರೆ ಒಂದು ಸಣ್ಣ ದಾರಿಯಿಂದ. ಸ್ಲೋ ಜೆಟ್ ಎಂಬ ಸುಮಾರು ಅರ್ಧ ಮಿಲಿಮೀಟರಿನ ತೂತು, ಅಲ್ಲಿಂದ ಥ್ರಾಟಲ್ ತಟ್ಟೆಯ ಕೆಳಗೆ ತೆರೆಯುವ ಒಂದು ಚಿಕ್ಕ ರಂಧ್ರ. ಆ ರಂಧ್ರದ ಬಾಯಿಗೆ ಚೂಪು ಮೂತಿಯ ಒಂದು ಸ್ಕ್ರೂ. ಇದೇ ಮಿಶ್ರಣದ ಸ್ಕ್ರೂ. ಇಂಜಿನ್ನು ಐಡ್ಲಿಂಗಿನಲ್ಲಿ ನಿಮಿಷಕ್ಕೆ 750 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಅದು ಸೆಕೆಂಡಿಗೆ ಇಪ್ಪತ್ತೈದು ಸ್ಫೋಟವಾಯಿತು. ಆ ಇಪ್ಪತ್ತೈದಕ್ಕೂ ಊಟ ಬರಬೇಕಾದದ್ದು ಆ ಸೂಜಿಮೊನೆಯಷ್ಟು ದಾರಿಯಿಂದ.

ಓಡುವಾಗ ಸರಿ, ನಿಂತಾಗ ನಡುಕ, ಇದು ಏಕೆ ಎಂಬುದು ಇಲ್ಲಿಂದ ತಿಳಿಯುತ್ತದೆ. ತುಂಬಿ ಹರಿಯುವ ಹೊಳೆಗೆ ಒಂದು ಕೊಡ ನೀರು ಸುರಿದರೆ ಏನೂ ಗೊತ್ತಾಗದು. ಬೇಸಗೆಯಲ್ಲಿ ಹನಿಹನಿಯಾಗಿ ಜಿನುಗುವ ಒರತೆಗೆ ಅದೇ ಒಂದು ಕೊಡ ಸುರಿದರೆ ಒರತೆಯ ನೀರೇ ಕದಡುತ್ತದೆ. ಕಾರ್ಬೊರೇಟರಿನ ಬುಡದಲ್ಲಿ ಕೂದಲೆಳೆಯಷ್ಟು ಸಂದಿಯಾಗಿ ಗಾಳಿ ಕಳ್ಳತನದಿಂದ ಒಳಗೆ ನುಸುಳಿದರೆ, ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ ಅದು ಲೆಕ್ಕಕ್ಕೇ ಬಾರದು. ಐಡ್ಲಿಂಗಿನಲ್ಲಿ ಅದೇ ಇಂಜಿನ್ನಿನ ಕುತ್ತಿಗೆ ಹಿಸುಕುತ್ತದೆ. ಕಾಯಿಲೆಯೊಂದಕ್ಕೆ ಮದ್ದು ಇನ್ನೊಂದು ಎಂದಾಗುವುದು ಈ ಹಂತದಲ್ಲಿಯೇ. ಸ್ಪೀಡಿನ ಸ್ಕ್ರೂ ಬಿಗಿ ಮಾಡಿದರೆ ತಟ್ಟೆ ಸ್ವಲ್ಪ ತೆರೆದು ಇಂಜಿನ್ ಜೋರಾಗಿ ತಿರುಗುತ್ತದೆ, ನಡುಕ ಮರೆಯಾಗುತ್ತದೆ. ಸಂದಿ ಮಾತ್ರ ಹಾಗೆಯೇ ಇರುತ್ತದೆ. ಮೇಲಾಗಿ ಪೆಟ್ರೋಲು ಸುಮ್ಮನೆ ಸುಡುತ್ತದೆ, ಇಂಜಿನ್ ಕಾಯುತ್ತದೆ, ಗೇರು ಹಾಕುವಾಗ ಕಟಕಟ ಎನ್ನುತ್ತದೆ, ನೀವು ಬ್ರೇಕು ತುಳಿಯುತ್ತಿದ್ದರೂ ಗಾಡಿ ಮುಂದಕ್ಕೆ ದೂಡುತ್ತಿರುತ್ತದೆ.

ಆದ್ದರಿಂದ ನಾವು ಒತ್ತಿ ಹೇಳುವ ಮಾತು ಇದೊಂದೇ: ಸ್ಕ್ರೂ ಡ್ರೈವರನ್ನು ಕೊನೆಗೆ ಕೈಗೆ ತೆಗೆದುಕೊಳ್ಳಿ. ಅದಕ್ಕೆ ಮೊದಲು ಕಿವಿ, ಕಣ್ಣು, ಮೂಗು.

ಮೊದಲು ಕಿವಿ. ಗಾಡಿಯ ಹಿಂದೆ ಹೋಗಿ ಸೈಲೆನ್ಸರಿನ ಬಳಿ ನಿಂತು ಕೇಳಿ. ನಡುಕಕ್ಕೆ ಒಂದು ತಾಳ ಇದೆಯೇ? ಮೂರು ಪೆಟ್ಟು ಸರಿಯಾಗಿ ಬಿದ್ದು ನಾಲ್ಕನೆಯದು ತಪ್ಪಿ, ಮತ್ತೆ ಮೂರು ಬಿದ್ದು ಒಂದು ತಪ್ಪುತ್ತಿದ್ದರೆ ಕಾರ್ಬೊರೇಟರನ್ನು ಮುಟ್ಟಬೇಡಿ. ಯಾವುದೋ ಒಂದು ಸಿಲಿಂಡರು ಉಪವಾಸ ಕುಳಿತಿದೆ. ಒಂದೊಂದೇ ಪ್ಲಗ್ಗಿನ ವಯರನ್ನು, ಹಿಡಿಗೆ ರಬ್ಬರಿರುವ ಇಕ್ಕಳದಿಂದ ಕ್ಷಣಕಾಲ ತೆಗೆದು ನೋಡಿ. ಯಾವುದನ್ನು ತೆಗೆದಾಗ ಇಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಅದೇ ಕೆಲಸ ಕದಿಯುತ್ತಿರುವುದು. ಪ್ಲಗ್ಗು ಕೆಟ್ಟಿರಬಹುದು, ವಯರು ಸೀಳಿರಬಹುದು, ವಾಲ್ವ್ ಸರಿಯಾಗಿ ಕೂರದೆ ಇರಬಹುದು. ಪ್ಲಗ್ಗಿನ ಅಂತರ ಸುಮಾರು 0.6 ಮಿ.ಮೀ., ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಅಂತರ ಸುಮಾರು 0.4 ಮಿ.ಮೀ. ಇರಬೇಕು. ಕಡಲ ಹತ್ತಿರದ ಈ ಊರಿನಲ್ಲಿ ಉಪ್ಪುಗಾಳಿಗೆ ಪಾಯಿಂಟು ಬೇಗ ಕಿಲುಬು ಹಿಡಿಯುತ್ತದೆ. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಪಸೆ ಕೂರುತ್ತದೆ. ಒಣಬಟ್ಟೆಯಿಂದ ಒರೆಸಿದ್ದಕ್ಕೇ ಗಾಡಿ ಸರಿಯಾಗಿ, ಕಾರ್ಬೊರೇಟರ್ ಬಿಚ್ಚುವ ಖರ್ಚು ಉಳಿದದ್ದು ಎಷ್ಟು ಸಾರಿ ಇಲ್ಲ!

ತಾಳವಿಲ್ಲದೆ ಒಮ್ಮೆ ಏರಿ ಒಮ್ಮೆ ಇಳಿದು ಅಲೆದಾಡುತ್ತಿದ್ದರೆ ಕಾರ್ಬೊರೇಟರಿನ ಕಡೆ ಬನ್ನಿ. ಈಗ ಮೂಗು. ಹಸಿ ಪೆಟ್ರೋಲಿನ ವಾಸನೆ, ಕಪ್ಪು ಹೊಗೆ ಇದ್ದರೆ ಪೆಟ್ರೋಲು ಹೆಚ್ಚಾಗಿದೆ; ಇದನ್ನೇ ಮೆಕ್ಯಾನಿಕ್ಕುಗಳು ರಿಚ್ ಎನ್ನುತ್ತಾರೆ. ಚೋಕ್ ಪೂರ್ತಿ ಹಿಂದಕ್ಕೆ ಹೋಗಿದೆಯೇ, ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದೆಯೇ, ಫ್ಲೋಟಿನ ಸೂಜಿವಾಲ್ವ್ ಸೋರಿ ತೊಟ್ಟಿ ತುಂಬಿ ಹರಿಯುತ್ತಿದೆಯೇ ನೋಡಿ. ಅದು ಬಿಟ್ಟು, ಬಿಸಿ ಇಂಜಿನ್ನಿನಲ್ಲೂ ಚೋಕ್ ಅರ್ಧ ಎಳೆದರೆ ಮಾತ್ರ ನಡುಕ ನಿಲ್ಲುತ್ತದೆಯೇ? ಹಾಗಾದರೆ ಪೆಟ್ರೋಲು ಸಾಲುತ್ತಿಲ್ಲ, ಅಥವಾ ಕಳ್ಳಗಾಳಿ ಬರುತ್ತಿದೆ.

ಆ ಭಕ್ತರ ಪದ್ಮಿನಿಯಲ್ಲಿ ಆದದ್ದು ಇದೇ. ಈ ಕಡೆಯವರೇ ಆದ ಹಳೆಯ ಮೇಸ್ತ್ರಿಯೊಬ್ಬರನ್ನು ಕರೆಸಿದೆವು. ಅಂಗಡಿ ಮುಚ್ಚಿ ವರ್ಷಗಳಾದವು, ಕೈ ಇನ್ನೂ ಮರೆತಿಲ್ಲ. ಅವರು ಬಂದವರೇ ಒಂದು ಲೋಟದಲ್ಲಿ ಸಾಬೂನು ನೀರು ತರಿಸಿದರು. ಇಂಜಿನ್ ನಡೆಯುತ್ತಿರುವಾಗಲೇ, ಕಾರ್ಬೊರೇಟರ್ ಮ್ಯಾನಿಫೋಲ್ಡಿನ ಮೇಲೆ ಕೂರುವ ಸಂದಿಯ ಸುತ್ತ ಆ ನೀರನ್ನು ಹನಿಹನಿಯಾಗಿ ಬಿಟ್ಟರು. ಒಂದು ಮೂಲೆಯಲ್ಲಿ ನೀರು ಸುರ್ರನೆ ಒಳಗೆ ಹೀರಿಹೋಯಿತು, ಇಂಜಿನ್ನಿನ ಸದ್ದು ಒಂದು ಕ್ಷಣ ಬದಲಾಯಿತು. ಕೆಲವರು ಇದೇ ಪರೀಕ್ಷೆಗೆ ಪೆಟ್ರೋಲನ್ನು ಸುರಿಯುತ್ತಾರೆ. ಕಾದ ಇಂಜಿನ್ನಿನ ಮೇಲೆ ಪೆಟ್ರೋಲು ಸುರಿಯುವುದೆಂದರೆ ಗಾಡಿಯನ್ನೂ ಗಾಡಿಯ ಯಜಮಾನನನ್ನೂ ಒಟ್ಟಿಗೆ ಸುಡುವ ದಾರಿ. ಬೇಡವೇ ಬೇಡ.

ಬಿಚ್ಚಿ ನೋಡಿದರೆ ಪ್ಯಾಕಿಂಗಿನ ಜಾಗದಲ್ಲಿ ಯಾವುದೋ ರಟ್ಟಿನ ಪೆಟ್ಟಿಗೆಯಿಂದ ಕತ್ತರಿಸಿದ ತುಂಡು ಇತ್ತು. ಅದು ಸೋರಿತೆಂದು ನಟ್ಟನ್ನು ಜೀವ ಹೋಗುವಷ್ಟು ಬಿಗಿದಿದ್ದರು. ಬಿಗಿದದ್ದಕ್ಕೆ ಮೆತ್ತನೆಯ ಲೋಹದ ಬುಡ ಬಾಗಿತ್ತು, ಬಾಗಿದ್ದಕ್ಕೆ ಮತ್ತಷ್ಟು ಸೋರಿತ್ತು. ಮೇಸ್ತ್ರಿ ಕಿಟಕಿಯ ಗಾಜಿನ ಚೂರೊಂದನ್ನು ಸಮತಟ್ಟಾಗಿ ಇಟ್ಟು, ಅದರ ಮೇಲೆ ನಯವಾದ ಎಮರಿ ಕಾಗದ ಹಾಸಿ, ಕಾರ್ಬೊರೇಟರಿನ ಬುಡವನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದರು. ಅವಸರವಿಲ್ಲ. ನಾಲ್ಕು ಸಾರಿ ಉಜ್ಜುವುದು, ಬೆಳಕಿಗೆ ಹಿಡಿದು ನೋಡುವುದು. ಮುಕ್ಕಾಲು ಗಂಟೆ ಹಿಡಿಯಿತು. ಆ ಮೇಲೆ ಹೊಸ ಪ್ಯಾಕಿಂಗು. ಎರಡು ನಟ್ಟುಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದರು.

ಕಾರ್ಬೊರೇಟರ್ ಹೇಗೂ ಕೈಯಲ್ಲಿತ್ತು, ಸ್ಲೋ ಜೆಟ್ಟನ್ನೂ ಬಿಚ್ಚಿದರು. ತೂತಿನಲ್ಲಿ ಕಪ್ಪು ಕಣವೊಂದು ಕೂತಿತ್ತು. ತಂತಿ ಹಾಕಿ ಚುಚ್ಚಲು ಹೋದ ಹುಡುಗನ ಕೈ ಹಿಡಿದು ನಿಲ್ಲಿಸಿದರು. ಹಿತ್ತಾಳೆ ಮೆತು, ತಂತಿ ಗಟ್ಟಿ. ತೂತು ಒಂದು ಕೂದಲಷ್ಟು ದೊಡ್ಡದಾದರೂ ಅದು ಬೇರೆಯೇ ಜೆಟ್ಟಾಯಿತು. ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಊದಿ ತೆಗೆಯಬೇಕು.

ಆ ಕಪ್ಪು ಕಣ ಬಂದದ್ದು ಎಲ್ಲಿಂದ? ಪೆಟ್ರೋಲಿನ ರಬ್ಬರ್ ಕೊಳವೆಯಿಂದ. ಇದು ಹಳೆಯ ಗಾಡಿಗಳಿಗೆ ಹೊಸದಾಗಿ ಬಂದ ಕಷ್ಟ. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. 2025ರ ಹೊತ್ತಿಗೆ ಅದು ದೇಶದ ಉದ್ದಗಲಕ್ಕೂ ಹರಡಿತು. ಎಥನಾಲ್ ಬರುವುದು ಮುಖ್ಯವಾಗಿ ಕಬ್ಬು ಮತ್ತು ಧಾನ್ಯದಿಂದ, ರೈತನಿಗೆ ನಾಲ್ಕು ಕಾಸು ಸಿಕ್ಕಿದರೆ ನಮಗೆ ಸಂತೋಷವೇ. ಆದರೆ ಆ ಕಾಲದ ರಬ್ಬರು ಈ ಕಾಲದ ಎಥನಾಲಿಗೆ ಮಾಡಿದ್ದಲ್ಲ. ಊದಿಕೊಳ್ಳುತ್ತದೆ, ಒಡೆಯುತ್ತದೆ, ಪುಡಿಯಾಗಿ ಜೆಟ್ಟಿಗೆ ಬಂದು ಕೂರುತ್ತದೆ. ಕೊಳವೆಯನ್ನು ಎಥನಾಲ್ ತಾಳುವ ಜಾತಿಯದಕ್ಕೆ ಬದಲಾಯಿಸಿ, ನಡುವೆ ಒಂದು ಫಿಲ್ಟರ್ ಹಾಕಿಸಿ. ಎರಡನೆಯದಾಗಿ, ಎಥನಾಲಿನಲ್ಲೇ ಆಮ್ಲಜನಕವಿದೆ. ಹಾಗಾಗಿ ಹಿಂದಿನ ಅಳತೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಹಿಂದೆ ಸರಿಯಾಗಿದ್ದ ಸ್ಕ್ರೂ ಈಗ ಒಂದಿಷ್ಟು ಹೊರಗೆ ಬರಬೇಕಾಗಬಹುದು. ಮೂರನೆಯದು ಈ ಕರಾವಳಿಯವರೇ ಕೇಳಬೇಕಾದದ್ದು. ಎಥನಾಲ್ ನೀರನ್ನು ಹೀರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಡಿಯನ್ನು ಟಾರ್ಪಾಲಿನಡಿ ಮಲಗಿಸಿದರೆ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ಕೂರಬಹುದು. ಫ್ಲೋಟಿನ ತೊಟ್ಟಿಯ ಪೆಟ್ರೋಲನ್ನು ಒಂದು ಗಾಜಿನ ಸೀಸೆಗೆ ಬಗ್ಗಿಸಿ ನೋಡಿ. ತಳದಲ್ಲಿ ಬೇರೆಯಾದ ಪದರ ಕಂಡರೆ ಕಾರಣ ತಿಳಿದಂತೆಯೇ.

ಇಷ್ಟೂ ಆದ ಮೇಲೆ ಸ್ಕ್ರೂ ಡ್ರೈವರು. ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಚೋಕ್ ಪೂರ್ತಿ ಒಳಗಿರಬೇಕು, ಏರ್ ಫಿಲ್ಟರ್ ಅದರ ಜಾಗದಲ್ಲಿರಬೇಕು, ಗೇರು ನ್ಯೂಟ್ರಲ್ಲಿನಲ್ಲಿ, ಹ್ಯಾಂಡ್ ಬ್ರೇಕ್ ಬಿಗಿಯಾಗಿ. ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನುಷ್ಯನನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಅಂಗಳಕ್ಕೆ ತನ್ನಿ.

ಇಂಜಿನ್ ನಿಲ್ಲಿಸಿ ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ. ತಳ ಮುಟ್ಟಿತು ಎನಿಸಿದೊಡನೆ ನಿಲ್ಲಿಸಿ. ಬಿಗಿದರೆ ಅದರ ಚೂಪು ಮೂತಿ ಕೆಡುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ. ಈಗ ಇಂಜಿನ್ ಶುರು ಮಾಡಿ, ಆರದಷ್ಟು ಮಾತ್ರ ಸ್ಪೀಡಿನ ಸ್ಕ್ರೂ ಕೊಡಿ. ಇನ್ನು ಮಿಶ್ರಣದ ಸ್ಕ್ರೂವನ್ನು ಕಾಲು ಕಾಲು ಸುತ್ತು ಒಳಕ್ಕೆ ತಿರುಗಿಸುತ್ತಾ ಹೋಗಿ. ಪ್ರತಿ ಕಾಲು ಸುತ್ತಿಗೂ ಐದಾರು ಉಸಿರಿನಷ್ಟು ಕಾಯಿರಿ, ಇಂಜಿನ್ ಉತ್ತರ ಕೊಡಲು ಸ್ವಲ್ಪ ಹೊತ್ತು ಬೇಕು. ಒಂದು ಹಂತದಲ್ಲಿ ತಡವರಿಸುತ್ತದೆ. ಅದು ಒಂದು ದಡ. ಈಗ ಹೊರಕ್ಕೆ ತಿರುಗಿಸುತ್ತಾ ಬನ್ನಿ. ಸದ್ದು ಏರುತ್ತದೆ, ನಯವಾಗುತ್ತದೆ, ಮತ್ತೂ ಹೊರಗೆ ಹೋದರೆ ಭಾರವಾಗಿ ಕುಂಟುತ್ತದೆ. ಅದು ಇನ್ನೊಂದು ದಡ. ಎರಡು ದಡದ ನಡುವೆ, ಎಲ್ಲಿ ಅತ್ಯಂತ ವೇಗವಾಗಿ ಮತ್ತು ನಯವಾಗಿ ತಿರುಗುತ್ತದೆಯೋ ಅಲ್ಲಿ ಬಿಡಿ. ಈಗ ವೇಗ ಹೆಚ್ಚಾಗಿರುತ್ತದೆ, ಸ್ಪೀಡಿನ ಸ್ಕ್ರೂವನ್ನು ಸಡಿಲಿಸಿ 700-800 ಸುತ್ತಿಗೆ ಇಳಿಸಿ. ಇಳಿಸಿದೊಡನೆ ಹದ ಸ್ವಲ್ಪ ಸರಿಯುತ್ತದೆ, ಆದ್ದರಿಂದ ಮಿಶ್ರಣವನ್ನು ಇನ್ನೊಮ್ಮೆ ಹುಡುಕಿ. ಎರಡು ಮೂರು ಸಾರಿ ಹೀಗೆ ಹೋಗಿ ಬರಬೇಕು. ಕೆಲವು ಮಾದರಿಗಳಲ್ಲಿ ಈ ಸ್ಕ್ರೂ ಗಾಳಿಯನ್ನು ಕಟ್ಟುವಂಥದು, ಅಲ್ಲಿ ದಿಕ್ಕು ತಿರುಗುಮುರುಗು. ಅದನ್ನು ಮೊದಲೇ ತಿಳಿದುಕೊಳ್ಳಿ.

ಅಂಬಾಸಿಡರ್ ಇಟ್ಟುಕೊಂಡವರೂ ಇಲ್ಲಿ ಇದ್ದೀರಿ. 2014ರಲ್ಲಿ ಅದರ ತಯಾರಿಕೆ ನಿಂತುಹೋಯಿತು. ಹಳೆಯ 1489 ಸಿ.ಸಿ. ಗಾಡಿಯ ಎಸ್.ಯು. ಕಾರ್ಬೊರೇಟರಿನ ದಾರಿ ಬೇರೆ. ಅದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದವರು ಇಂಗ್ಲೆಂಡಿನ ಸ್ಕಿನ್ನರ್ ಸೋದರರು. ಅವರದು ಪಾದರಕ್ಷೆ ವ್ಯಾಪಾರದ ಮನೆತನ. ಮೊದಮೊದಲ ಎಸ್.ಯು.ನಲ್ಲಿ ಗಾಳಿಯ ಅಳತೆಗೆ ಏರಿ ಇಳಿಯುವ ಭಾಗವನ್ನು ಚರ್ಮದ ತಿದಿಯಿಂದಲೇ ಮಾಡಿದ್ದರು! ಸಮಗಾರ ಹರಳಯ್ಯನವರ ಕಥೆಯನ್ನು ಕೇಳುತ್ತಾ ಬೆಳೆದ ನಿಮಗೆ ಇದು ಹಿತವೆನಿಸಬಹುದೆಂದು ಹೇಳಿದೆವು. ತಿದಿಯ ಜಾಗಕ್ಕೆ ಆ ಮೇಲೆ ಲೋಹದ ಪಿಸ್ಟನ್ ಬಂತು. ಇದರಲ್ಲಿ ಸ್ಲೋ ಜೆಟ್ ಇಲ್ಲ. ಒಂದೇ ಜೆಟ್ಟು, ಅದರ ಕೆಳಗೆ ಆರು ಮುಖದ ನಟ್ಟು. ಮೇಲಕ್ಕೆ ಏರಿಸಿದರೆ ಪೆಟ್ರೋಲು ಕಡಿಮೆ, ಕೆಳಕ್ಕೆ ಇಳಿಸಿದರೆ ಹೆಚ್ಚು. ಒಂದು ಸಾರಿಗೆ ಒಂದೇ ಮುಖ ತಿರುಗಿಸಿ. ಪರೀಕ್ಷೆಗೆ, ಐಡ್ಲಿಂಗಿನಲ್ಲಿ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ ನೋಡಿ. ಇಂಜಿನ್ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು, ಕೂಡಲೇ ಸಾಯುವಂತಾದರೆ ಕಡಿಮೆ, ತುಸು ಏರಿ ಮತ್ತೆ ಮೊದಲಿನ ಹಾಗಾದರೆ ಸರಿ.

ಪದ್ಮಿನಿಯ ಯಜಮಾನರು ಹೊಗೆ ಪರೀಕ್ಷೆಗೆ ಹೋಗಿ ಬಂದರು. ಇಂಥ ಹಳೆಯ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡ 3ನ್ನು ಮೀರಬಾರದೆಂದು ನಿಯಮ. ಅವರದು ಅದರೊಳಗೆ ಬಂತು. ಮಗ ಈಗ ಆ ವಿಷಯ ಎತ್ತುತ್ತಿಲ್ಲವಂತೆ. ನೀವೂ ಪರೀಕ್ಷೆಗೆ ಹೋಗುವಾಗ ಗಾಡಿಯನ್ನು ಮನೆಯಿಂದ ತಣ್ಣಗೆ ಒಯ್ಯಬೇಡಿ, ಮಾಬುಕಳದ ಸೇತುವೆ ದಾಟಿ ಬ್ರಹ್ಮಾವರದವರೆಗೆ ಒಂದು ಸುತ್ತು ಓಡಿಸಿ ಬಿಸಿ ಮಾಡಿಕೊಂಡೇ ಹೋಗಿ. ಮೀಟರಿನಲ್ಲಿ ಬಂದ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳಿ.

ಮೀಟರು ಸಿಗದವರು ಪ್ಲಗ್ಗನ್ನು ನೋಡಬಹುದು. ಐದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು, ಇಂಜಿನ್ ನಿಲ್ಲಿಸಿ, ಕೈ ಸುಡದಂತೆ ಬಿಚ್ಚಿ. ಒಣ ಮಸಿ ಕಟ್ಟಿದ್ದರೆ ಮಿಶ್ರಣದ ಸ್ಕ್ರೂ ಕಾಲು ಸುತ್ತು ಒಳಕ್ಕೆ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಕಾಲು ಸುತ್ತು ಹೊರಕ್ಕೆ. ಹಳಬರು ಕಾಫಿಪುಡಿಯ ಬಣ್ಣ ಬರಬೇಕು ಎನ್ನುತ್ತಾರೆ. ಅದು ಸೀಸ ಬೆರೆತ ಪೆಟ್ರೋಲಿನ ಕಾಲದ ಮಾತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ ಬರುತ್ತಿದೆ. ಬಣ್ಣ ಅದಕ್ಕಿಂತ ತುಸು ತೆಳುವಾಗಿ ಕಂಡರೆ ಗಾಬರಿಯಾಗಬೇಡಿ.

ಮೇಸ್ತ್ರಿಯವರು ಅಲ್ಲಿ ಹಿಂದೆ ಕುಳಿತಿದ್ದಾರೆ. ಪ್ರಸಾದವಾದ ಮೇಲೆ ಗಾಡಿ ತಂದವರು ಒಬ್ಬೊಬ್ಬರಾಗಿ ಬಾನೆಟ್ ಎತ್ತಿ ಅವರಿಗೆ ತೋರಿಸಿ.